ಬಸಿಯಡಿ ಮೂರು ಗುಂಡು

ಎಣ್ಣೆಯ ವಾಸನೆ, ಅಗಸೆ ಎಣ್ಣೆ, ಹೊಸ ಮರದ ಮೈಗೆ ಇನ್ನೂ ಪೂರ್ತಿ ಇಂಗಿಲ್ಲ, ಕೆನ್ನೆ ಇಟ್ಟರೆ ತಣ್ಣಗೆ ಹತ್ತಿಕೊಳ್ಳುತ್ತದೆ, ಇಲ್ಲಿ ಚಳಿಗಾಲ ಶುರುವಾಗುವ ಮೇ ತಿಂಗಳ ಬೆಳಗಿನ ಚಳಿಯೆಲ್ಲ ಈ ಅಕ್ರೋಟು ಮರದೊಳಗೇ ಬಂದು ಕೂತಿದೆಯೇನೋ — ಅಲೆಟ್ಟಾ ಕೆನ್ನೆ ಎತ್ತಿ ಮತ್ತೆ ಇಟ್ಟು ನೋಡಿದಳು, ಮತ್ತೆ ಅದೇ ಜಾಗ, ಹುಡುಕಬೇಕಾಗಿಲ್ಲ, ಕತ್ತು ಚಾಚಬೇಕಾಗಿಲ್ಲ, ಕಣ್ಣು ಬಿಟ್ಟರೆ ಬಂದೂಕಿನ ಮೇಲಿನ ದುರ್ಬೀನಿನ ತುಂಬ ಬೆಳಕು, ಬೆಳಕಿನ ನಡುವೆ ಗುರಿ ಹಿಡಿಯುವ ಕೂಡುಗೆರೆ, ಅದರಾಚೆ ನೂರು ಮೀಟರು ದೂರದಲ್ಲಿ ಮಣ್ಣಿನ ದಿಬ್ಬ, ದಿಬ್ಬದ ಮುಂದೆ ಕಾಗದ, ಕಾಗದದ ಮಧ್ಯೆ ಕರಿ ಚುಕ್ಕೆ, ಎಲ್ಲರನ್ನೂ ಕರೆದು ಸಾಲಾಗಿ ಕೂರಿಸಿದ ಹಾಗಿದೆ, ಅರವತ್ತಾದ ಮೇಲೆ ತನ್ನ ಅಳತೆಗೇ ಮಾಡಿದ್ದು ಅಂತ ಒಂದು ವಸ್ತು ಸಿಕ್ಕಿತು, ಮದುವೆಯ ಉಡುಪು ಕೂಡ ಅಕ್ಕನದ್ದು, ಸೊಂಟದಲ್ಲಿ ಹಿಡಿದು ಹೊಲಿದದ್ದು, ಇಡೀ ದಿನ ಉಸಿರು ಬಿಗಿಹಿಡಿದು ನಗುತ್ತ ನಿಂತಿದ್ದಳು, ಇದು ಹಾಗಲ್ಲ, ವಿಂಡ್‌ಹುಕ್‌ನಲ್ಲಿ ಬಂದೂಕು ಮಾಡುವ ಮುದುಕ ರೈನ್‌ಹೋಲ್ಟ್ ದರ್ಜಿಯಂತೆ ಟೇಪು ಹಿಡಿದು ಮೊಣಕೈಯಿಂದ ಬೆರಳವರೆಗೆ ಅಳೆದ, ಭುಜದಿಂದ ಕೆನ್ನೆಮೂಳೆಗೆ ಅಳೆದ, ಮುಂದಿನ ಸಲ ದಪ್ಪ ಸ್ವೆಟರ್ ಹಾಕ್ಕೊಂಡು ಬನ್ನಿ, ಬೇಟೆಗೆ ಚಳೀಲಿ ತಾನೇ ಹೋಗೋದು ಅಂದ, ಹಾಕಿಕೊಂಡು ಹೋದಳು, ಕಣ್ಣು ಮುಚ್ಚಿ ಭುಜಕ್ಕೇರಿಸಿ ಅಂದ, ಈಗ ಕಣ್ಣು ಬಿಡಿ, ಏನ್ ಕಾಣ್ತಿದೆ, ಅರ್ಧ ಬೆಳಕು ಅರ್ಧ ಕತ್ತಲೆ ಕಣಪ್ಪಾ, ಹಾಗಾದ್ರೆ ಇನ್ನೊಂದು ಸ್ವಲ್ಪ ಕೆರೀಬೇಕು ಅಂತ ಒಳಗೆ ಹೋದ, ಹೀಗೆ ಎಷ್ಟು ಸಲ ಒಳಗೆ ಹೋದನೋ. ಅದರ ಉಕ್ಕಿನ ಎದೆಗೂಡು ಮಾತ್ರ ಅಪ್ಪನ ಹಳೆಯ ಮೌಸರ್ ಬಂದೂಕಿನದು, ನಳಿಗೆಯನ್ನು ತುಕ್ಕು ತಿಂದು ಬಟ್ಟೆ ಬೀರುವಿನ ಹಿಂದೆ ಜೇಡರ ಬಲೆಯಲ್ಲಿ ನಿಂತಿತ್ತು, ಅದಕ್ಕೆ ಹೊಸ ನಳಿಗೆ ಬಂತು, ಹೊಸ ಮರ ಬಂತು, ಬೋಲ್ಟು ಹಿಂದಕ್ಕೆಳೆದರೆ ಮಾತ್ರ ಅದೇ ಹಳೆಯ ಸದ್ದು, ಅಪ್ಪ ಅಡುಗೆಮನೆಯ ಬಾಗಿಲಲ್ಲಿ ಕೂತು ಒರೆಸುವಾಗ ಬರುತ್ತಿದ್ದ ಸದ್ದು. ಚೆನ್ನಾಗಿದೆ. ಬಹಳ ಚೆನ್ನಾಗಿದೆ.

ಹೊಡೀತೀಯೋ, ಇಲ್ಲ ಅದರ ಮೇಲೆ ಮಲಕ್ಕೊಂಡುಬಿಡ್ತೀಯೋ ಮುದುಕಿ — ಹಿಂದಿನಿಂದ ಗೀಲ್, ಅವಳ ಗಂಡ, ಮಡಚುವ ಕುರ್ಚಿಯಲ್ಲಿ ಹೊಟ್ಟೆಯ ಮೇಲೆ ಬೈನಾಕ್ಯುಲರ್ ಇಟ್ಟುಕೊಂಡು ಕೂತವನು, ಕಿವಿಗೆ ಹಾಕಿದ ಮುಚ್ಚಳದೊಳಗೆ ಅವನ ದನಿ ನೀರಿನಡಿಯಿಂದ ಬಂದಂತೆ ಬರುತ್ತದೆ, ಅದಕ್ಕಿಂತ ತನ್ನ ಉಸಿರೇ ಜೋರು, ತನ್ನ ರಕ್ತ ಓಡುವುದೂ ಕೇಳುತ್ತದೆ, ಇಷ್ಟೊಂದು ಸದ್ದಿನ ನಡುವೆ ಒಬ್ಬ ಹೆಂಗಸು ಹೇಗೆ ಗುರಿ ಹಿಡಿಯಬೇಕು ಹೇಳಿ, ಅಂತ ಯಾರಿಗೆ ಹೇಳುವುದು. ಆತುರ ಪಡಿಸ್ಬೇಡಿ ಪಾ, ಮಾ ಅವರ ಟೈಮ್‌ಗೆ ಅವರು ಹೊಡೀತಾರೆ, ಇದು ಅಳಿಯ ಹೆನ್‌ಡ್ರೆ, ವಾಲ್ವಿಸ್ ಬೇಯ ಕಡಲ ಕಡೆಯವನು, ಮೀನಿನ ಕಾರ್ಖಾನೆಯಲ್ಲಿ ಕೆಲಸ, ಮಾತು ಬೆಣ್ಣೆ, ಆದರೆ ಇದೆಲ್ಲ ಶುರುವಾದದ್ದೇ ಅವನಿಂದ — ಈಸ್ಟರ್ ಊಟ, ಕುರಿಯ ತೊಡೆ, ಎಲ್ಲರ ತಟ್ಟೆಯೂ ತುಂಬಿದೆ, ರೆಹೋಬೋತ್‌ನ ನಮ್ಮ ಮನೆಯಲ್ಲಿ ಊಟದ ಮೇಜಿನ ಸುತ್ತ ಬೇಟೆಯ ಮಾತು ಬಿಟ್ಟರೆ ಇನ್ನೇನು, ಗೀಲ್ ತನ್ನಪ್ಪನ ಕಾಲದ ಕಟ್ಟಳೆಯನ್ನು ಮತ್ತೊಮ್ಮೆ ಹೇಳುತ್ತಿದ್ದಾನೆ, ನೂರು ಮೀಟರಿನಲ್ಲಿ ಮೂರು ಗುಂಡಿನ ತೂತೂ ಕಾಫಿ ಕಪ್ಪಿನ ಬಸಿಯಡಿ ಮುಚ್ಚಿಹೋಗಬೇಕು, ಹೋಗದಿದ್ದವನು ನಮ್ಮ ಜಮೀನಿನಲ್ಲಿ ಪ್ರಾಣಿಯ ಮೇಲೆ ಬಂದೂಕು ಎತ್ತುವಂತಿಲ್ಲ, ಪಾದ್ರಿಯಾದರೂ ಸರಿ, ಪಾದ್ರಿ ಒಂದು ವರ್ಷ ಗುರಿ ತಪ್ಪಿ, ನಿಜವಾಗಿಯೂ ಬೇಟೆ ಬಿಟ್ಟು ಒಲೆ ಮುಂದೆ ಆಲೂಗಡ್ಡೆ ಸುಲಿದುಕೊಂಡು ಕೂತಿದ್ದರು, ಪಾಪ, ಚೆನ್ನಾಗಿಯೇ ಸುಲಿದರು. ಆಗ ಹೆನ್‌ಡ್ರೆ ಬಾಯಿ ಒರೆಸಿಕೊಂಡು ಮೆಲ್ಲಗೆ, ಪಾ, ಒಂದು ಕೇಳ್ಲಾ, ಮಾ ಈ ಪರೀಕ್ಷೆ ಯಾವಾಗ ಪಾಸಾದ್ರು? ಪ್ರತಿ ವರ್ಷ ಪಾಸಾಗಿದ್ದಾಳೆ, ಅವಳ ಬಂದೂಕನ್ನ ನಾನೇ ಹೊಡೆದು ನೋಡ್ತೀನಲ್ಲ ಅಂದ ಗೀಲ್. ಅದು ಬಂದೂಕು ಪಾಸಾಗಿದ್ದು ಪಾ. ಮಾ ಪಾಸಾಗಿದ್ದು ಯಾವಾಗ? ಎಲ್ಲರೂ ಬಿದ್ದು ಬಿದ್ದು ನಕ್ಕರು, ಗೀಲ್ ಕೂಡ, ಅವಳಿಗೂ ನಗು ಬಂತು, ಆದರೆ ನಗುವಿನ ಅಡಿಯಲ್ಲಿ ಏನೋ ಸುಟ್ಟಿತು, ಅದು ಸುಟ್ಟಾಗಲೇ ಬಾಯಿಂದ ಮಾತು ಬಿದ್ದುಹೋಯಿತು, ಈ ಸಲ ನಾನೇ ಹೊಡೀತೀನಿ, ನನ್ನ ಹೊಸ ಬಂದೂಕಲ್ಲಿ, ಮೂರೂ ಬಸಿಯಡಿ ಹೋಗ್ಲಿಲ್ಲ ಅಂದ್ರೆ ಬಂದೂಕು ಈ ಸೀಸನ್‌ಗೆ ಹೆನ್‌ಡ್ರೆಗೆ, ನಾನು ಒಲೆ ಮುಂದೆ ಕೂತು ನಿಮ್ಮೆಲ್ಲರಿಗೂ ಲಿವರ್ ಹುರಿದು ಹಾಕ್ತೀನಿ. ಎಲ್ಲರೆದುರಿಗೆ ಆಡಿದ ಮಾತು. ಆಡಿದ ಮೇಲೆ ನುಂಗುವುದಕ್ಕೆ ಅದು ಕುರಿಯ ತೊಡೆಯಲ್ಲ.

ಅದಕ್ಕೇ ಈ ಬೆಳಗ್ಗೆ ಊರಾಚೆಯ ಹಳೆ ಕಲ್ಲುಗಣಿಯಲ್ಲಿ, ಸಿಮೆಂಟಿನ ಮೇಜು, ಕೆಂಪು ಬಾವುಟ, ನಳಿಗೆಯ ಕೆಳಗೆ ಗೀಲ್‌ನ ಹರಿದ ಜೀನ್ಸಿನ ಒಂದು ಕಾಲನ್ನು ಹೊಲಿದು ಜೋಳ ತುಂಬಿದ ಚೀಲ, ಪಕ್ಕದಲ್ಲಿ ಅತ್ತೆಯ ಕಾಲದ ನೀಲಿ ಅಂಚಿನ ಬಿಳಿ ಬಸಿ, ಟವೆಲಿನಲ್ಲಿ ಸುತ್ತಿ ತಂದದ್ದು — ಬಂದೂಕಿಗಿಂತ ಬಸಿಯನ್ನೇ ಹೆಚ್ಚು ಜೋಪಾನ ಮಾಡುತ್ತಾನೆ ಗೀಲ್. ಮೊದಲ ಮೂರು ಲೆಕ್ಕಕ್ಕಿಲ್ಲ, ಬಂದೂಕಿನ ಗುರಿ ಹೊಂದಿಸಿಕೊಳ್ಳುವುದಕ್ಕೆ, ಆಮೇಲಿನ ಮೂರು ಬಸಿಗೆ. ಉಸಿರು ಒಳಗೆ, ಉಸಿರು ಅರ್ಧ ಹೊರಗೆ, ಕೂಡುಗೆರೆ ಕರಿ ಚುಕ್ಕೆಯ ಮೇಲೆ ಕೂತಿತು, ಗುಂಡು ಬಿಡುವ ಕುದುರೆಯ ಮೇಲೆ ಬೆರಳು, ಇಷ್ಟು ಹಗುರವಾದ ಕುದುರೆಯನ್ನು ಯಾವತ್ತೂ ಮುಟ್ಟಿರಲಿಲ್ಲ, ಮುಟ್ಟಿದೆ ಅಂದುಕೊಳ್ಳುವಷ್ಟರಲ್ಲಿ ಢಂ, ಭುಜಕ್ಕೆ ಒಂದು ನೂಕು, ಒದೆತವಲ್ಲ, ಹಳೆಯದು ಕತ್ತೆಯಂತೆ ಒದೆಯುತ್ತಿತ್ತು, ಇದು ಬಾಗಿಲಲ್ಲಿ ಯಾರೋ ಸರಿ ಸ್ವಲ್ಪ ಅಂದಂತೆ, ಖಾಲಿ ತೋಟಾ ಸಿಮೆಂಟಿನ ಮೇಲೆ ಟಣ್ಣೆಂದು ಉರುಳಿತು, ಇನ್ನೊಂದು, ಮತ್ತೊಂದು. ಬೋಲ್ಟು ತೆಗೆದಿಡು, ಹೆನ್‌ಡ್ರೆ ಹೋಗ್ತಿದ್ದಾನೆ, ಅಂದ ಗೀಲ್. ಅವನ ಉದ್ದ ಕಾಲು ಹಳದಿ ಹುಲ್ಲಿನಲ್ಲಿ ದಾಪುಗಾಲು ಹಾಕುತ್ತ ದಿಬ್ಬದವರೆಗೆ ಹೋಯಿತು, ಅವನು ಬಗ್ಗಿದ, ತಲೆ ಕೆರೆದುಕೊಂಡ, ತಿರುಗಿ ಕೂಗಿದ, ಪಾ! ಮೂರೂ ಒಂದೇ ಕಡೆ! ಒಂದು ಮೊಟ್ಟೆ ಇಟ್ರೆ ಮುಚ್ಚಿಹೋಗುತ್ತೆ! ಎದೆ ಹಾರಿತು. ಆದ್ರೆ ಬಲಕ್ಕೆ, ಚುಕ್ಕೆಯಿಂದ ಮೂರು ಬೆರಳು ಬಲಕ್ಕೆ! ಎದೆ ಮತ್ತೆ ಬಂದು ತನ್ನ ಜಾಗದಲ್ಲಿ ಕೂತುಕೊಂಡಿತು.

ಗೀಲ್‌ಗೆ ಸಂತೋಷ, ಮೊಣಕಾಲು ತಟ್ಟಿದ, ನೋಡ್ದಾ, ಜರ್ಮನ್ ಮುದುಕ ಕೆಲಸಗಾರ ಕಣೇ, ಮೊಟ್ಟೆಯಷ್ಟು ಜಾಗಕ್ಕೆ ಮೂರು, ಸ್ವಲ್ಪ ತಿರುಗಿಸಿದ್ರೆ ಆಯ್ತು, ಎಡಕ್ಕೆ ಎಳೆದುಬಿಡೋಣ, ಅಷ್ಟೇ — ಅಂಗಿಯ ಜೇಬಿನಿಂದ ಒಂದು ನಾಣ್ಯ ತೆಗೆದ, ದುರ್ಬೀನಿನ ಪಕ್ಕದ ತಿರುಪನ್ನು ತಿರುಗಿಸಲು ಅವನು ಯಾವಾಗಲೂ ಇಟ್ಟುಕೊಳ್ಳುವ ನಾಣ್ಯ, ಅಂಚು ಸವೆದು ನುಣ್ಣಗಾಗಿದೆ, ಈಗಿನ ಸರ್ಕಾರದ ದುಡ್ಡೂ ಅಲ್ಲ ಅದು, ಯಾವ ಅಂಗಡಿಯಲ್ಲೂ ನಡೆಯುವುದಿಲ್ಲ, ಇಲ್ಲಿ ಮಾತ್ರ ನಡೆಯುತ್ತದೆ. ನಳಿಗೆ ಮೊದಲು ಆರಲಿ ಪಾ, ಮಾ ಕಾಫಿ ಕುಡೀತಾರಾ, ಅಂತ ಹೆನ್‌ಡ್ರೆ ಫ್ಲಾಸ್ಕು ತೆರೆದ, ಅವಳು ಕಿವಿಯ ಮುಚ್ಚಳ ತೆಗೆದಳು, ಲೋಕವೆಲ್ಲ ಒಮ್ಮೆಲೇ ಒಳಗೆ ನುಗ್ಗಿತು, ಕಾಡುಕೋಳಿಗಳ ಜಗಳ, ದೂರದ ಹೆದ್ದಾರಿಯಲ್ಲಿ ಒಂದು ಲಾರಿ, ಮುಳ್ಳುಜಾಲಿಯ ತುದಿಯಲ್ಲಿ ಬೂದು ಹಕ್ಕಿಯೊಂದು ಕ್ವೇ ಕ್ವೇ ಅಂತ ಎಲ್ಲರ ಮೇಲೂ ಸಿಡುಕುತ್ತಿದೆ, ಇವಳು ರಾತ್ರಿಯೇ ಕರಿದಿಟ್ಟ ಹಿಟ್ಟಿನ ಉಂಡೆ, ಒಳಗೆ ಕೈಮಾ, ಗೀಲ್ ಎರಡನೆಯದಕ್ಕೆ ಆಗಲೇ ಕೈ ಹಾಕಿದ್ದಾನೆ, ಬಿಸಿಲು ಬೆನ್ನಿಗೆ ಬಂದು ಒರಗಿದೆ, ಕಾಫಿ ಬಿಸಿ, ಮೂರು ಬೆರಳು ಬಲಕ್ಕಾದರೇನು, ಮೊಟ್ಟೆಯಷ್ಟು ಜಾಗ, ಈ ಬೆರಳು, ಈ ಕಣ್ಣು, ಇವು ತನ್ನವೇ ತಾನೇ, ಹೊಟ್ಟೆಗೆ ಹಾಲು ಹೊಯ್ದಂತಿದೆ. ಆದರೂ ಬಲಕ್ಕೆ ಯಾಕೆ, ಇವಳ ಗುಂಡು ಯಾವತ್ತೂ ಎಡಕ್ಕೆ ಹೋಗುವುದಲ್ಲವೇ.

ಎಡಕ್ಕೆ, ಯಾವಾಗಲೂ ಎಡಕ್ಕೆ — ಮದುವೆಯಾದ ವರ್ಷ, ಗುಡ್ಡದ ಪಕ್ಕ, ಸುರುಳಿ ಕೊಂಬಿನ ಕುಡು ಜಿಂಕೆ, ಎತ್ತಿನಷ್ಟು ದೊಡ್ಡ ಗಂಡು, ಗೀಲ್ ಕಿವಿಯಲ್ಲಿ ಹೊಡಿ ಹೊಡಿ ಅನ್ನುತ್ತಿದ್ದಾನೆ, ಹೊಡೆದಳು, ಅದರ ಮುಂದೆ ಎಡಕ್ಕೆ ಒಂದು ಬಂಡೆಯಿಂದ ಧೂಳು ಹಾರಿತು, ಕುಡು ಜಿಗಿದು ಓಡಿತು, ನೆತ್ತಿಯವರೆಗೆ ಓಡಿ ನಿಂತು ತಿರುಗಿ ನೋಡಿತು. ಅದರ ಜಾತಿಯ ಚಾಳಿ ಅದು, ಎಷ್ಟು ಹೆದರಿದರೂ ಮರೆಯಾಗುವ ಮುಂಚೆ ಒಮ್ಮೆ ನಿಂತು ಹಿಂದೆ ನೋಡಲೇಬೇಕು, ಯಾರಪ್ಪಾ ನೀನು ಅಂತ, ಬೇಟೆಗಾರರು ಕಾಯುವುದೇ ಆ ಒಂದು ನೋಟಕ್ಕೆ, ಎರಡನೆಯ ಗುಂಡು ಅಲ್ಲಿಗೇ. ಅವಳೂ ಎರಡನೆಯದು ಹೊಡೆದಳು, ಮತ್ತೆ ಎಡಕ್ಕೆ ಧೂಳು, ಕುಡು ಇನ್ನೂ ಸ್ವಲ್ಪ ಹೊತ್ತು ನೋಡಿತು, ಕಣ್ಣುಗಳ ನಡುವೆ ಸುಣ್ಣದಲ್ಲಿ ಎಳೆದಂಥ ಬಿಳಿ ಗೆರೆ, ದೊಡ್ಡ ಕಿವಿಗಳೆರಡೂ ಇವಳ ಕಡೆಗೇ, ಆಮೇಲೆ ಅವಸರವಿಲ್ಲದೆ ಆಚೆ ಇಳಿದುಹೋಯಿತು. ಆಮೇಲಿನ ವರ್ಷ ಇನ್ನೊಂದು, ಅದರ ಮುಂದಿನ ವರ್ಷ ಮತ್ತೊಂದು, ಮಗಳು ಹೊಟ್ಟೆಯಲ್ಲಿದ್ದಾಗ ಒಂದು, ಎಲ್ಲವೂ ನೆತ್ತಿಯಲ್ಲಿ ನಿಂತು ತಿರುಗಿ ನೋಡಿದವೇ, ಎಲ್ಲವಕ್ಕೂ ಆ ಬಿಳಿ ಗೆರೆ. ನಡುನಡುವೆ ಒಂದೆರಡು ಚಿಗರೆ ಬಿದ್ದವು, ಬಿದ್ದದ್ದು ಅದೃಷ್ಟಕ್ಕೆ, ಕುಡು ಮಾತ್ರ ಒಂದೂ ಇಲ್ಲ. ಮೈದುನರ ಬಾಯಿಗೆ ಒಳ್ಳೆಯ ಉಪ್ಪಿನಕಾಯಿಯಾಯಿತು, ಅಲೆಟ್ಟಾ ಪಕ್ಕದ ಜಮೀನಿನವರಿಗೋಸ್ಕರ ಬೇಟೆಯಾಡ್ತಾಳೆ, ಕುಡುಗಳು ತಿರುಗಿ ನಿಂತು ಥ್ಯಾಂಕ್ಸ್ ಮೇಡಂ ಅಂತ ಹೇಳಿ ಹೋಗ್ತವೆ. ನಕ್ಕಳು, ನಗದೆ ಏನು ಮಾಡುವುದು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅವಳು ಅದನ್ನೂ ಅನ್ನಲಿಲ್ಲ, ಕಾಲೇ ಸರಿಯಿಲ್ಲ ಅಂದುಕೊಂಡು ಸುಮ್ಮನಾದಳು. ಮನಸ್ಸಿನ ಒಂದು ಮೂಲೆಯಲ್ಲಿ ಇನ್ನೊಂದೂ ಇತ್ತು, ಅದನ್ನು ಯಾರಿಗೂ ಹೇಳಿದವಳಲ್ಲ — ಆ ನೋಟ ಅವಳಿಗೆ ಇಷ್ಟವಾಗುತ್ತಿತ್ತು.

ನಳಿಗೆ ಮುಟ್ಟಿ ನೋಡಿದಳು, ಇನ್ನೂ ಉಗುರುಬೆಚ್ಚಗಿದೆ. ಗೀಲೂ ಹೆನ್‌ಡ್ರೆಯೂ ವಾಲ್ವಿಸ್ ಬೇಯ ಮಂಜು ಒಳ್ಳೆಯದೋ ಇಲ್ಲಿಯ ಒಣ ಚಳಿ ಒಳ್ಳೆಯದೋ ಅಂತ ವಾದಕ್ಕೆ ಕೂತಿದ್ದಾರೆ, ಇಬ್ಬರೂ ಮೇಜಿನ ಹಿಂದೆ, ಎದುರಿಗೆ ಯಾರೂ ಇಲ್ಲ. ಸುಮ್ಮನೆ ಕೂತೇನು ಮಾಡುವುದು, ರೈನ್‌ಹೋಲ್ಟ್ ಹೇಳಿದ್ದನಲ್ಲ, ಮನೇಲಿ ಖಾಲಿ ಇಟ್ಕೊಂಡು ಕುದುರೆ ಎಳೀತಾ ಇರಿ, ಬೆರಳಿಗೆ ಅಭ್ಯಾಸ ಆಗ್ಲಿ, ಇದಕ್ಕೇನೂ ಆಗಲ್ಲ ಅಂತ, ಗೀಲ್‌ನ ಮನೆಯಲ್ಲಿ ಅದು ಪಾಪ, ಖಾಲಿ ಬಂದೂಕಿನ ಕುದುರೆ ಎಳೆದರೆ ಒಳಗಿನ ಮೊಳೆ ಹಾಳಾಗುತ್ತೆ ಅಂತ ಅವನಪ್ಪ ಕೈಮೇಲೆ ಹೊಡೆಯುತ್ತಿದ್ದನಂತೆ, ಹಾಗಾಗಿ ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಎಳೆದವಳಲ್ಲ. ಬೋಲ್ಟು ಎಳೆದು ನೋಡಿದಳು, ಖಾಲಿ, ಬೆರಳು ತೂರಿಸಿ ನೋಡಿದಳು, ಖಾಲಿಯೇ, ಮುಚ್ಚಿದಳು, ಕೆನ್ನೆ ತನ್ನ ಜಾಗಕ್ಕೆ ಹೋಯಿತು, ಚುಕ್ಕೆ, ಚುಕ್ಕೆಯ ಮೇಲೆ ಕೂಡುಗೆರೆ, ಉಸಿರು ಅರ್ಧ, ಬೆರಳು — ಟಕ್. ಇಷ್ಟೇ ಸದ್ದು, ನೂಕಿಲ್ಲ, ಹೊಗೆಯಿಲ್ಲ, ಏನೂ ಮುಚ್ಚಿಹೋಗಲಿಲ್ಲ, ಅದಕ್ಕೇ ಕಂಡಿತು. ಕೂಡುಗೆರೆ ಚುಕ್ಕೆಯ ಮೇಲಿಲ್ಲ. ಬಲಕ್ಕಿದೆ. ಮೂರು ಬೆರಳು ಬಲಕ್ಕೆ, ಹೆನ್‌ಡ್ರೆ ಕೂಗಿದ ಅದೇ ಮೂರು ಬೆರಳು. ಯಾರು ಸರಿಸಿದರು? ಇನ್ನೊಮ್ಮೆ ಇಟ್ಟಳು, ಚುಕ್ಕೆಯ ಮಧ್ಯಕ್ಕೆ, ಕಣ್ಣು ಮಿಟುಕಿಸದೆ ನೋಡುತ್ತ ಎಳೆದಳು, ಟಕ್ ಅನ್ನುವ ಮುಂಚಿನ ಆ ಚೂರು ಹೊತ್ತಿನಲ್ಲಿ ಕೂಡುಗೆರೆ ತಾನಾಗಿ ಬಲಕ್ಕೆ ಜಾರಿತು, ಹಳೆಯ ಆಳು ಹೇಳಿಸಿಕೊಳ್ಳದೆಯೇ ಹೋಗಿ ಗೇಟು ತೆಗೆದಂತೆ. ಬಂದೂಕಲ್ಲ. ಬಂದೂಕು ತೋರಿಸಿದ ಕಡೆಗೇ ಹೊಡೆದಿದೆ. ಇದು ಭುಜ, ಇದು ಕೈ, ಇದು ತಾನೇ.

ಯಾವಾಗ ಕಲಿಯಿತು ಈ ಮೈ ಇದನ್ನು, ಅವಳು ಕಲಿಸಲಿಲ್ಲ — ಹಳೆಯ ಬಂದೂಕು, ಗೀಲ್‌ನ ಅಣ್ಣನದ್ದು, ಗೀಲ್‌ನಂಥ ಉದ್ದ ತೋಳಿನವರಿಗೆ ಮಾಡಿದ ಮರ, ಇವಳು ಅದರ ಮೇಲೆ ನೀರು ಕುಡಿಯುವ ಕೋಳಿಯಂತೆ ಕತ್ತು ಚಾಚಿ ಓರೆಯಾಗಿ ನೋಡಬೇಕು, ದುರ್ಬೀನಿನಲ್ಲಿ ಅರ್ಧ ಬೆಳಕು ಅರ್ಧ ಕತ್ತಲೆ, ಓರೆಯಾಗಿ ನೋಡಿದ್ದು ಓರೆಯಾಗಿಯೇ ಹೋಗುತ್ತದೆ, ಎಡಕ್ಕೆ ಧೂಳು, ಎಡಕ್ಕೆ ಧೂಳು, ಅದನ್ನು ನೋಡಿ ನೋಡಿ ಕೈ ತನ್ನ ಪಾಡಿಗೆ ತಾನು ಬಲಕ್ಕೆ ತಿದ್ದಿಕೊಳ್ಳುವುದನ್ನು ಕಲಿಯಿತು, ಹತ್ತಿರದ ಚಿಗರೆಗೆ ಅದು ಸರಿಹೋಗುತ್ತಿತ್ತು, ದೂರದ ಕುಡುವಿಗೆ ಸಾಲುತ್ತಿರಲಿಲ್ಲ. ಮತ್ತೆ ಆ ಬಂದೂಕಿನ ಗುರಿ ಯಾರ ಕಣ್ಣಿಗೆ ಹೊಂದಿಸಿದ್ದು? ಪ್ರತಿ ವರ್ಷ ಮೇ ತಿಂಗಳಲ್ಲಿ ಗೀಲ್ ಎರಡು ಬಂದೂಕು ತಗೊಂಡು ಇಲ್ಲಿಗೇ ಬರುತ್ತಿದ್ದ, ಇದೇ ಮೇಜು, ಇದೇ ನಾಣ್ಯ, ತನ್ನದನ್ನು ಹೊಡೆದು ತಿದ್ದಿ, ಅವಳದ್ದನ್ನೂ ಹೊಡೆದು ತಿದ್ದಿ, ಬಸಿ ಇಟ್ಟು ನೋಡಿ, ಮನೆಗೆ ಬಂದು ಒರೆಸಿ ಎಣ್ಣೆ ಹಚ್ಚಿ ಮಂಚದ ಮೇಲೆ ಅವಳ ದಿಂಬಿನ ಪಕ್ಕ ಇಡುತ್ತಿದ್ದ, ತಗೋ ಮುದುಕಿ, ನಿನ್ನದು ರೆಡಿ, ಆಗ ಅವಳು ಮುದುಕಿಯಾಗಿರಲಿಲ್ಲ, ಇಪ್ಪತ್ತೆಂಟು ವರ್ಷ, ಬೇರೆಯವರ ಗಂಡಂದಿರು ಒಡವೆ ಸ್ಕರ್ಟು ತರಲಿ ಬಿಡಲಿ, ಇವನು ವರ್ಷಕ್ಕೊಮ್ಮೆ ತನ್ನ ಕೈಯಾರೆ ಇದನ್ನು ಮಾಡಿಕೊಡುತ್ತಿದ್ದ, ಇದು ಅವನಿಗೆ ಬರುವ ಪ್ರೀತಿ. ಅವನ ಕಣ್ಣಿಗೆ ಹೊಂದಿಸಿ ಅವಳ ಕೈಗೆ ಕೊಟ್ಟ. ಅವಳು ತೊಟ್ಟಳು. ಅವನ ಚಪ್ಪಲಿ ಹಾಕಿಕೊಂಡು ಓಡಿ, ಓಟ ಬರುವುದಿಲ್ಲ ಅನ್ನಿಸಿಕೊಂಡಳು. ನೆಲವೇ ಡೊಂಕಿತ್ತು! ನಿಜವಾಗಿಯೂ ನೆಲವೇ ಡೊಂಕಿತ್ತು, ಈ ಗಾದೆ ಕಟ್ಟಿದವರಿಗೆ ಅದೊಂದು ತೋಚಲೇ ಇಲ್ಲ. ನಗು ಬಂತು, ಅಳುವೂ ಬಂತು, ಕಾಫಿ ಆರಿಹೋಯಿತು.

ಸರಿ, ನಳಿಗೆ ಆರಿತು, ಬಾ, ತಿರುಗಿಸೋಣ — ಗೀಲ್ ಪ್ಯಾಂಟಿಗೆ ಕೈ ಒರೆಸಿಕೊಂಡು ಎದ್ದ, ನಾಣ್ಯ ಎರಡು ಬೆರಳ ನಡುವೆ. ತಿರುಗಿಸಲಿ, ಏನಂತೆ, ಅವನು ಎಡಕ್ಕೆ ಎಳೆಯುತ್ತಾನೆ, ಅವಳ ಕೈ ಬಲಕ್ಕೆ ಜಾರುತ್ತದೆ, ಎರಡೂ ಸೇರಿ ಗುಂಡು ನಟ್ಟನಡುವೆ ಹೋಗುತ್ತದೆ, ಬಸಿಯಡಿ ಮೂರೂ, ಇವತ್ತೇ, ಈಗಲೇ, ಕೈಗೆ ಬಂದ ತುತ್ತು. ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಅವಳಿಗೆ ಹೊಸದೂ ಅಲ್ಲ. ಆದರೆ ಆಮೇಲೆ, ಜುಲೈಯಲ್ಲಿ, ಗುಡ್ಡದಲ್ಲಿ, ಉಬ್ಬಸ ಬಿಡುತ್ತ ಹತ್ತಿ ನಿಂತಾಗ, ಕೈ ಅವತ್ತು ಎಷ್ಟು ಜಾರೀತು, ಮೂರು ಬೆರಳೋ ಆರು ಬೆರಳೋ, ಹೆದರಿದರೆ ಜಾರದೆಯೇ ಇದ್ದೀತೋ, ಆಗ ಧೂಳಲ್ಲ, ಹೊಟ್ಟೆಗೆ ಬಡಿದ ಗುಂಡು, ರಕ್ತ ಸುರಿಸುತ್ತ ಮುಳ್ಳುಕಂಟಿಯೊಳಗೆ ಹೊಕ್ಕ ಪ್ರಾಣಿ, ಅದು ಬೇಡ, ದೇವರೇ ಅದೊಂದು ಬೇಡ. ಮತ್ತೆ ಇನ್ನೊಂದು — ಈ ಬಂದೂಕು ಇವಳ ಅಳತೆಗೆ ಮಾಡಿದ್ದು, ಇದನ್ನೂ ಡೊಂಕು ಮಾಡಿಕೊಂಡರೆ ಉಳಿದದ್ದೇನು. ಗೀಲ್‌ನ ಬೆರಳು ತಿರುಪಿನ ಮುಚ್ಚಳ ತೆಗೆಯುವ ಮುಂಚೆ ಅವಳ ಅಂಗೈ ಅದರ ಮೇಲೆ ಹೋಗಿ ಕೂತಿತ್ತು. ಬೇಡ ಗೀಲ್.

ಏನ್ ಬೇಡ? ಕಾಗದ ಸುಳ್ಳು ಹೇಳಲ್ಲ ಕಣೇ, ಮೂರು ಬೆರಳು ಬಲಕ್ಕಿದೆ. ಕಾಗದ ಹೇಳ್ತಿರೋದು ನನ್ನ ವಿಷಯ, ಬಂದೂಕಿನ ವಿಷಯ ಅಲ್ಲ, ಅಂದಳು, ಅಂದ ಮೇಲೆ ಹೇಳಲೇಬೇಕಾಯಿತು, ಖಾಲಿ ಟಕ್ ಅಂದದ್ದು, ಕೂಡುಗೆರೆ ಜಾರಿದ್ದು, ಧೂಳು, ಎಡ, ಬಲ, ಉದ್ದ ಮರ, ಕೋಳಿಯ ಕತ್ತು, ಎಲ್ಲ ಹಿಂದುಮುಂದಾಗಿ ಹೇಳಿದಳು, ಕೊನೆಗೆ, ನೀನು ನಿನ್ನ ಕಣ್ಣಿಗೆ ಹೊಂದಿಸಿ ನನಗೆ ಕೊಡ್ತಿದ್ದೆ ಗೀಲ್, ಅದು ನನಗೆ ಯಾವತ್ತೂ ಸರಿಹೋಗ್ಲಿಲ್ಲ. ಹೇಳುವಾಗ ಅವನ ಮುಖ ನೋಡಲಾಗಲಿಲ್ಲ, ಅವನ ಬೂಟು ನೋಡಿದಳು, ಕೆಂಪು ಧೂಳು ಹಿಡಿದ ಲೇಸು, ನೋವಾಯಿತು ಅವಳಿಗೇ, ಗಂಡ ವರ್ಷ ವರ್ಷ ಆಸೆಯಿಂದ ತಂದ ಉಡುಗೊರೆ ಒಂದೂ ಮೈಗೆ ಆಗಲಿಲ್ಲ ಅಂತ ಈ ವಯಸ್ಸಿನಲ್ಲಿ ಹೇಳಿದಂತೆ. ಹೆನ್‌ಡ್ರೆ ಫ್ಲಾಸ್ಕಿನ ಮುಚ್ಚಳವನ್ನು ಬಹಳ ಶ್ರದ್ಧೆಯಿಂದ ತಿರುಗಿಸುತ್ತಿದ್ದ. ಅಷ್ಟೂ ವರ್ಷ? ಅಂದ ಗೀಲ್. ಹೂಂ. ಯಾಕೆ ಹೇಳ್ಲಿಲ್ಲ? ಈಗ ತಾನೇ ಗೊತ್ತಾಯ್ತು, ಕಾಫಿ ಆರೋ ಹೊತ್ತಲ್ಲಿ. ಅವನು ಕುರ್ಚಿಗೆ ಹೋಗಿ ಕೂತ, ನಾಣ್ಯವನ್ನು ಒಮ್ಮೆ ನೋಡಿ ಜೇಬಿಗೆ ಹಾಕಿದ, ಟೋಪಿ ತೆಗೆದು ಮತ್ತೆ ಹಾಕಿಕೊಂಡ, ಮುಳ್ಳುಜಾಲಿಯ ಮೇಲಿನ ಹಕ್ಕಿ ಕ್ವೇ ಅಂತ ಬೈದು ಹಾರಿಹೋಯಿತು, ಆಮೇಲೆ ಅವನ ಹೊಟ್ಟೆಯ ಮೇಲಿನ ಬೈನಾಕ್ಯುಲರ್ ಕುಲುಕಾಡತೊಡಗಿತು, ಅಳುತ್ತಿದ್ದಾನೋ ಅಂದುಕೊಂಡಳು, ನಗುತ್ತಿದ್ದಾನೆ ಮುದುಕ, ಕಣ್ಣೊರೆಸಿಕೊಂಡು, ಹಾಗಾದ್ರೆ ಆ ಕುಡುಗಳು ತಿರುಗಿ ನಿಂತು ಥ್ಯಾಂಕ್ಸ್ ಹೇಳ್ತಿದ್ದಿದ್ದು ನಿನಗಲ್ಲ ಕಣೇ, ನನಗೆ! ಅವಳಿಗೂ ತಡೆಯಲಾಗಲಿಲ್ಲ, ಹೆನ್‌ಡ್ರೆಗೂ, ಮೂವರೂ ಕಲ್ಲುಗಣಿ ತುಂಬ ನಕ್ಕರು, ಈ ಮನುಷ್ಯನನ್ನು ಕಟ್ಟಿಕೊಂಡದ್ದಕ್ಕೆ ಇವತ್ತಿನವರೆಗೂ ಪಶ್ಚಾತ್ತಾಪವಿಲ್ಲ, ಅವನ ಬಂದೂಕು ಡೊಂಕಾದರೂ. ನಗು ನಿಂತ ಮೇಲೆ ಹೆನ್‌ಡ್ರೆ ಗಂಟಲು ಸರಿಮಾಡಿಕೊಂಡು, ಅಡ್ಡಗೋಡೆಯ ಮೇಲೆ ದೀಪ ಇಡುವವನ ಹಾಗೆ, ಮಾ ಯೋಚನೆ ಮಾಡಿಯೇ ಹೇಳ್ತಿರ್ತಾರೆ, ಆದ್ರೂ ತಿರುಗಿಸದೆ ಹೊಡೆದು ಅಕಸ್ಮಾತ್ ತಪ್ಪಿದ್ರೆ... ಮಾತು ಮಾತೇ ಅಲ್ವಾ? ಮಾತು ಮಾತೇ ಕಣಪ್ಪಾ, ತಪ್ಪಿದ್ರೆ ಬಂದೂಕು ನಿನಗೆ, ಅಂದಳು. ಹೊಸ ಕಾ‌ಗದ ಅಂಟಿಸಿ ಬಾ.

ಕಿವಿಗೆ ಮುಚ್ಚಳ, ಮತ್ತೆ ನೀರಿನಡಿಯ ಲೋಕ, ಉಸಿರು, ರಕ್ತ. ಮೂರು ತೋಟಾ ಬೆರಳಿನಿಂದ ಒಳಗೆ ಒತ್ತಿದಳು, ಹಿತ್ತಾಳೆ ಬಿಸಿಲಿಗೆ ಬೆಚ್ಚಗಿದೆ. ಕೆನ್ನೆ ತನ್ನ ಜಾಗಕ್ಕೆ, ಚುಕ್ಕೆ, ಕೂಡುಗೆರೆ, ಜಾರಬೇಡ, ನೋಡು, ನೋಡುತ್ತಲೇ ಇರು, ಧೂಳು ನೆನೆಯಬೇಡ, ಎಡ ನೆನೆಯಬೇಡ, ಏನಿದೆಯೋ ಅದರ ಮೇಲೇ ಇರು — ಭುಜ ಎಳೆಯುತ್ತದೆ, ಇಷ್ಟು ವರ್ಷದ ಆಳು ಗೇಟಿನ ಕಡೆ ಹೊರಟಿದ್ದಾನೆ, ನಿಲ್ಲಪ್ಪಾ, ಇವತ್ತು ಗೇಟು ತೆಗೆದೇ ಇದೆ, ನಿಂತುಕೋ — ಢಂ. ಕೂಡುಗೆರೆ ಕುದುರೆ ಬಿದ್ದಾಗ ಚುಕ್ಕೆಯ ಮೇಲೇ ಇತ್ತು, ಕಂಡಳು, ಸದ್ದಿನೊಳಗೂ ಕಂಡಳು. ಎರಡನೆಯದು, ಉಸಿರು, ಚುಕ್ಕೆ, ಸ್ವಲ್ಪ ಜಾರಿತು, ಅಯ್ಯೋ ಅನ್ನುವಷ್ಟರಲ್ಲಿ ಹೋಗಿಬಿಟ್ಟಿತು, ಎಷ್ಟು ಜಾರಿತು, ಒಂದು ಬೆರಳೋ, ಎರಡೋ, ಬಸಿಯ ಅಂಚು ಎಲ್ಲಿಯವರೆಗೆ ಬರುತ್ತದೆ, ಹಿಂದಿನಿಂದ ಗೀಲ್ ಏನೋ ಅಂದ, ಕೇಳಿಸಿಕೊಳ್ಳಬೇಡ, ಅಂಗೈ ಒದ್ದೆ, ಎದ್ದು ಸ್ಕರ್ಟಿಗೆ ಒರೆಸಿಕೊಂಡು ಮತ್ತೆ ಕೂತಳು, ಒಲೆ ಮುಂದೆ ಕೂತು ಹುರಿಯುವುದೇನೂ ಕೆಟ್ಟದ್ದಲ್ಲ, ಚೆನ್ನಾಗಿಯೇ ಹುರಿಯುತ್ತೇನೆ, ಪಾದ್ರಿಯೂ ಬದುಕಿದರು, ಆದರೆ ಬೇಡ, ನನಗೆ ಹೋಗಬೇಕು, ಆ ಗುಡ್ಡಕ್ಕೆ ನಾನು ನನ್ನ ಕಣ್ಣು ತಗೊಂಡು ಒಮ್ಮೆ ಹೋಗಬೇಕು. ಮೂರನೆಯದು. ಚುಕ್ಕೆ. ಚುಕ್ಕೆ ಬಿಟ್ಟು ಏನೂ ಇಲ್ಲ. ಭುಜ ಈ ಸಲ ಏನೂ ಕೇಳಲಿಲ್ಲ, ಕೈ ಏನೂ ತಿದ್ದಲಿಲ್ಲ, ಬೆರಳು ಯಾವಾಗ ಎಳೆಯಿತೋ ಅವಳಿಗೂ ತಿಳಿಯಲಿಲ್ಲ, ಢಂ.

ಬೋಲ್ಟು ತೆಗೆದಿಟ್ಟಳು. ಹೆನ್‌ಡ್ರೆ ಟವೆಲು ಬಿಚ್ಚಿ ಬಸಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಟ, ಚರ್ಚಿನಲ್ಲಿ ರೊಟ್ಟಿ ಒಯ್ಯುವವನ ಹಾಗೆ, ಹುಲ್ಲು, ದಾಪುಗಾಲು, ದಿಬ್ಬ, ಎಷ್ಟು ದೂರವಪ್ಪ ಈ ನೂರು ಮೀಟರು, ಬಗ್ಗಿದ, ಬಸಿಯನ್ನು ಕಾಗದಕ್ಕೆ ಒತ್ತಿದ, ಸ್ವಲ್ಪ ಮೇಲೆ ಸರಿಸಿದ, ಸ್ವಲ್ಪ ಬಲಕ್ಕೆ, ಆಮೇಲೆ ಸರಿಸಲಿಲ್ಲ, ಇನ್ನೊಂದು ಕೈ ಮೇಲೆತ್ತಿದ, ಏನೂ ಕಾಣ್ತಿಲ್ಲ ಮಾ! ಒಂದೂ ಕಾಣ್ತಿಲ್ಲ! ಗೀಲ್ ಟೋಪಿ ಎಸೆದ, ಕುರ್ಚಿ ಮಗುಚಿಬಿತ್ತು, ಅವಳ ಹೆಗಲು ಹಿಡಿದು ಅಲ್ಲಾಡಿಸುತ್ತಿದ್ದಾನೆ, ನೋಡು ನೋಡು ಅಂತ ಬೈನಾಕ್ಯುಲರನ್ನು ಕಣ್ಣಿಗೇ ಒತ್ತುತ್ತಿದ್ದಾನೆ, ಈ ಸಲ ನೀನು ಹೊಡೆದ ಮಾಂಸದಲ್ಲೇ ಬಿಲ್ಟಾಂಗ್, ಉಪ್ಪುಕಂಡ, ಒಣಗಿಸೋದು ಮುದುಕಿ, ಮೈದುನರ ಬಾಯಿಗೆಲ್ಲ ತುಂಬೋಣ, ಗೆದ್ದೆ ಕಣೇ, ಹೌದು, ಗೆದ್ದಳು, ಇಂಥ ಸುಖ ಯಾವಾಗ ಕಂಡಿದ್ದಳೋ, ಗಾಜಿನೊಳಗೆ ಬಸಿ ಬೆಳ್ಳಗೆ ಹೊಳೆಯಿತು, ಆ ಬಿಳುಪಿನ ಮೇಲೆ ಕಣ್ಣು ನಿಂತಿತು, ಇನ್ನು ತಪ್ಪುವುದಿಲ್ಲ, ಈ ಬಂದೂಕು ತಪ್ಪುವುದಿಲ್ಲ, ಈ ಕೈಯೂ ತಪ್ಪುವುದಿಲ್ಲ, ಜುಲೈ, ಗುಡ್ಡದ ಪಕ್ಕ, ಕುಡು ಎದ್ದು ಓಡುತ್ತದೆ, ಕಲ್ಲು ಉರುಳಿಸುತ್ತ ನೆತ್ತಿಯವರೆಗೆ ಓಡುತ್ತದೆ, ಇನ್ನೊಂದು ಹೆಜ್ಜೆ ಇಟ್ಟರೆ ಆಚೆ ಇಳಿಜಾರು, ಇಡು, ಆ ಹೆಜ್ಜೆ ಇಟ್ಟುಬಿಡು, ನಾನು ಮೊದಲಿನವಳಲ್ಲ, ನಿಲ್ಲಬೇಡ — ಅದು ನಿಲ್ಲುತ್ತದೆ, ಕತ್ತು ತಿರುಗಿಸುತ್ತದೆ, ದೊಡ್ಡ ಕಿವಿಗಳೆರಡೂ ಇವಳ ಕಡೆಗೆ, ಕಣ್ಣುಗಳ ನಡುವೆ ಆ ಬಿಳಿ ಗೆರೆ.